ಒಂದೇ ಸರಪಳಿ, ಒಂದೇ ಗ್ಲೂಕೋಸ್ ತಾಣ: ಹಾಗಿದ್ದೂ ಮಾನವನ ಗ್ಲೂಕೋಕೈನೇಸ್‌ನ ವೇಗರೇಖೆ ಎಸ್ ಆಕಾರ ಪಡೆಯುವುದು ಹೇಗೆ?

ಕಿಣ್ವಾಸಕ್ತೆ (ಪ್ರಶ್ನೆ)

ಸ್ನಾತಕೋತ್ತರ ಜೀವರಸಾಯನ ವಿಜ್ಞಾನದಲ್ಲಿ ಅಲೋಸ್ಟೆರಿಕ್ ನಿಯಂತ್ರಣವನ್ನು, ಅಂದರೆ ಪ್ರೋಟೀನಿನ ಒಂದೆಡೆ ಅಣು ಅಂಟಿದಾಗ ಇನ್ನೊಂದೆಡೆಯ ವರ್ತನೆ ಬದಲಾಗುವುದನ್ನು, ನಾವು ಕಲಿಯುವುದು ಹಿಮೋಗ್ಲೋಬಿನ್, ಆಸ್ಪಾರ್ಟೇಟ್ ಟ್ರಾನ್ಸ್‌ಕಾರ್ಬಮೈಲೇಸ್, ಫಾಸ್ಫೊಫ್ರಕ್ಟೋಕೈನೇಸ್‌ಗಳ ಮೂಲಕ. ಇವೆಲ್ಲ ಹಲವು ಉಪಘಟಕಗಳು ಸೇರಿ ಆದ ಪ್ರೋಟೀನ್‌ಗಳು. ಒಂದು ಉಪಘಟಕದಲ್ಲಿ ಲಿಗಾಂಡ್ (ಅಂಟಿಕೊಳ್ಳುವ ಅಣು) ಕುಳಿತರೆ ಪಕ್ಕದ ಉಪಘಟಕದ ಆಕರ್ಷಣೆ ಹೆಚ್ಚುತ್ತದೆ, ಆದ್ದರಿಂದ ರೇಖೆ ಎಸ್ ಆಕಾರಕ್ಕೆ ತಿರುಗುತ್ತದೆ ಎಂಬ ವಿವರಣೆ ಅಲ್ಲಿ ಚೆನ್ನಾಗಿ ಒಪ್ಪುತ್ತದೆ.

ಆದರೆ ಗ್ಲೂಕೋಕೈನೇಸ್‌ಗೆ ಬಂದಾಗ ಈ ವಿವರಣೆ ನಿಲ್ಲುವುದಿಲ್ಲ. ಎಟಿಪಿಯ ಫಾಸ್ಫೇಟನ್ನು ಗ್ಲೂಕೋಸಿಗೆ ಸೇರಿಸುವ, ಹೆಕ್ಸೋಕೈನೇಸ್ 4 ಎಂದೂ ಕರೆಯಲಾಗುವ ಈ ಕಿಣ್ವ 465 ಅಮೈನೋ ಆಮ್ಲಗಳ ಒಂದೇ ಸರಪಳಿ. ಕೆಲಸ ಮಾಡುವಾಗಲೂ ಅದು ಒಂಟಿಯಾಗಿಯೇ ಇರುತ್ತದೆ, ಅದರಲ್ಲಿ ಗ್ಲೂಕೋಸ್ ಕೂರುವ ತಾಣವೂ ಒಂದೇ. ಹಾಗಿದ್ದೂ ಗ್ಲೂಕೋಸಿನ ಸಾಂದ್ರತೆಯನ್ನು ಏರಿಸುತ್ತ ಹೋದಾಗ ವೇಗದ ರೇಖೆ ಎಸ್ ಆಕಾರದಲ್ಲೇ ಏರುತ್ತದೆ. ರೇಖೆ ಎಷ್ಟರಮಟ್ಟಿಗೆ ಎಸ್ ಆಕಾರದ್ದು ಎಂದು ಹೇಳುವ ಹಿಲ್ ಗುಣಾಂಕ (1 ಎಂದರೆ ಎಸ್ ಆಕಾರವಿಲ್ಲ) ಸುಮಾರು 1.7. ಅರ್ಧ ವೇಗಕ್ಕೆ ಬೇಕಾದ ಗ್ಲೂಕೋಸ್ ಸುಮಾರು 8 ಮಿಲಿಮೋಲಾರ್, ಅಂದರೆ ರಕ್ತಪರೀಕ್ಷೆಯ ಲೆಕ್ಕದಲ್ಲಿ ಡೆಸಿಲೀಟರಿಗೆ ಸುಮಾರು 144 ಮಿಲಿಗ್ರಾಂ. ಆದರೆ ಗ್ಲೂಕೋಸಿನ ಬದಲು ಎಟಿಪಿಯ ಸಾಂದ್ರತೆಯನ್ನು ಏರಿಸುತ್ತ ಹೋದರೆ ದೊರೆಯುವ ರೇಖೆ ಸಾಮಾನ್ಯ ಅತಿಪರವಲಯವೇ (ಮೊದಲು ಕಡಿದಾಗಿ ಏರಿ ಕ್ರಮೇಣ ಚಪ್ಪಟೆಯಾಗುವ ರೇಖೆ).

2004ರಲ್ಲಿ ಜಪಾನಿನ ಸಂಶೋಧಕರು ಈ ಮಾನವ ಕಿಣ್ವದ ಎರಡು ಸ್ಫಟಿಕ ರಚನೆಗಳನ್ನು ಪ್ರಕಟಿಸಿದರು ಎಂದು ಓದಿದ್ದೇನೆ. ಆ ರಚನೆಗಳಲ್ಲಿ ಕಂಡದ್ದೇನು? ಸಂವಾದ ನಡೆಸಲು ಎರಡನೆಯ ತಾಣವೇ ಇಲ್ಲದ ಕಿಣ್ವವೊಂದು ತಾನು ಹಿಂದೆ ಗ್ಲೂಕೋಸನ್ನು ಕಂಡಿದ್ದೆ ಎಂಬುದನ್ನು ಯಾವ ಬಗೆಯಲ್ಲಿ ನೆನಪಿಟ್ಟುಕೊಳ್ಳುತ್ತದೆ? ರಚನೆಯನ್ನೂ ವೇಗವನ್ನೂ ಒಟ್ಟಿಗೆ ಇಟ್ಟುಕೊಂಡು ಯಾರಾದರೂ ವಿವರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಸ್ಫಟಿಕದರ್ಶಿ

ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಇಟ್ಟಿದ್ದೀರಿ. ಮೊದಲು ರಚನೆಯನ್ನು ಹೇಳುತ್ತೇನೆ, ವೇಗದ ವಿಚಾರವನ್ನು ಇಲ್ಲಿಯೇ ಇರುವ ಬೇರೆಯವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಗ್ಲೂಕೋಕೈನೇಸ್‌ನಲ್ಲಿ ಎರಡು ಭಾಗಗಳಿವೆ: ದೊಡ್ಡ ಡೊಮೇನ್ ಮತ್ತು ಚಿಕ್ಕ ಡೊಮೇನ್. ಇವೆರಡರ ನಡುವಿನ ಆಳವಾದ ಸೀಳಿನಲ್ಲಿ ಗ್ಲೂಕೋಸ್ ಕೂರುತ್ತದೆ. ಎರಡನ್ನೂ ಮೂರು ಸಂಪರ್ಕ ಕೊಂಡಿಗಳು ಬೆಸೆದಿವೆ. ಸರಪಳಿಯ ಕೊನೆಯ ತುದಿಯಲ್ಲಿ, 445ನೇ ಸ್ಥಾನದ ಆಸುಪಾಸಿನಿಂದ ಮುಂದಕ್ಕೆ, ಆಲ್ಫಾ-13 ಎಂಬ ಹೆಲಿಕ್ಸ್ (ಸುರುಳಿ) ಇದೆ. ನಿಮ್ಮ ಪ್ರಶ್ನೆಗೆ ಉತ್ತರದ ಬಹುಪಾಲು ಈ ಹೆಲಿಕ್ಸ್‌ನ ನಡವಳಿಕೆಯಲ್ಲೇ ಅಡಗಿದೆ ಎಂದು ನನ್ನ ಅಭಿಪ್ರಾಯ.

2004ರ ಮೊದಲ ರಚನೆಯಲ್ಲಿ ಗ್ಲೂಕೋಸ್ ಮತ್ತು ಒಂದು ಕೃತಕ ಉತ್ತೇಜಕ ಅಣು ಎರಡೂ ಕಿಣ್ವಕ್ಕೆ ಅಂಟಿಕೊಂಡಿವೆ. ಇದು ಮುಚ್ಚಿದ ರೂಪ. ಇದನ್ನು 2.3 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ (ಸಂಖ್ಯೆ ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ) ಬಿಡಿಸಲಾಯಿತು. ಇಲ್ಲಿ ಗ್ಲೂಕೋಸನ್ನು ಎಲ್ಲ ಕಡೆಯಿಂದಲೂ ಹಿಡಿದಿಡಲಾಗಿದೆ: ದೊಡ್ಡ ಡೊಮೇನ್‌ನಿಂದ 256 ಮತ್ತು 290ನೇ ಗ್ಲುಟಾಮಿಕ್ ಆಮ್ಲಗಳು, ಚಿಕ್ಕ ಡೊಮೇನ್‌ನಿಂದ 168ನೇ ಥ್ರಿಯೊನೀನ್ ಮತ್ತು 169ನೇ ಲೈಸೀನ್, ಸಂಪರ್ಕ ಪ್ರದೇಶದಿಂದ 204ನೇ ಆಸ್ಪರಾಜೀನ್ ಮತ್ತು 205ನೇ ಆಸ್ಪಾರ್ಟಿಕ್ ಆಮ್ಲ. ಇವುಗಳಲ್ಲಿ 205ನೆಯದೇ ಗ್ಲೂಕೋಸಿನ ಆರನೇ ಇಂಗಾಲದ ಹೈಡ್ರಾಕ್ಸಿಲ್ ಗುಂಪಿನಿಂದ ಪ್ರೋಟಾನನ್ನು ಸೆಳೆದು, ಅದು ಎಟಿಪಿಯ ಫಾಸ್ಫೇಟಿನ ಮೇಲೆರಗಲು ಸಿದ್ಧಗೊಳಿಸುವ ಶೇಷ (ಸರಪಳಿಯ ಒಂದು ಅಮೈನೋ ಆಮ್ಲ). ಆಲ್ಫಾ-13 ಹೆಲಿಕ್ಸ್ ಈ ರೂಪದಲ್ಲಿ ಚಿಕ್ಕ ಡೊಮೇನ್‌ನೊಳಗೆ ಭದ್ರವಾಗಿ ಸೇರಿಕೊಂಡಿದೆ.

ಎರಡನೆಯ ರಚನೆ ಏನೂ ಅಂಟಿಕೊಳ್ಳದ ಬರಿಯ ಕಿಣ್ವದ್ದು. ಸ್ಪಷ್ಟತೆ 3.4 ಆಂಗ್‌ಸ್ಟ್ರಾಮ್ ಮಾತ್ರ, ಆದರೂ ಅದು ತೋರಿಸಿದ್ದು ಯಾರೂ ನಿರೀಕ್ಷಿಸದ ಚಿತ್ರ. ಸಾಮಾನ್ಯ ಹೆಕ್ಸೋಕೈನೇಸ್‌ಗಳು ಗ್ಲೂಕೋಸ್ ಬಂದಾಗ ಬಾಯಿ ಮುಚ್ಚುತ್ತವೆ ಎಂಬುದು ಹಳೆಯ ಸಂಗತಿ. ಯೀಸ್ಟಿನ ಹೆಕ್ಸೋಕೈನೇಸ್‌ನಲ್ಲಿ ಒಂದು ಡೊಮೇನ್ ಇನ್ನೊಂದರ ಕಡೆಗೆ ಸುಮಾರು 12 ಡಿಗ್ರಿ ತಿರುಗುತ್ತದೆ ಎಂದು 1970ರ ದಶಕದ ಕೊನೆಗೇ ತಿಳಿದಿತ್ತು. ಗ್ಲೂಕೋಕೈನೇಸ್‌ನಲ್ಲಾದರೋ ಚಿಕ್ಕ ಡೊಮೇನ್‌ನ ತಿರುಗುವಿಕೆ 100 ಡಿಗ್ರಿಗೆ ಹತ್ತಿರ. ಸೀಳು ಸಂಪೂರ್ಣ ಬಿಚ್ಚಿಕೊಂಡಿದೆ. 168 ಮತ್ತು 169ನೇ ಶೇಷಗಳು ಗ್ಲೂಕೋಸಿನ ಜಾಗದಿಂದ ಬಹುದೂರ ಸರಿದಿವೆ, ಅವುಗಳನ್ನು ಹೊತ್ತ ಕೊಂಡಿಯ ಬಹುಭಾಗ ಸ್ಫಟಿಕದಲ್ಲಿ ಕಾಣಿಸುವಷ್ಟೂ ಸ್ಥಿರವಾಗಿಲ್ಲ. ಆಲ್ಫಾ-13 ಚಿಕ್ಕ ಡೊಮೇನ್‌ನಿಂದ ಕಳಚಿಕೊಂಡು ಹೊರಗೆ ಬಂದಿದೆ. ಇದನ್ನು ಅತಿ-ತೆರೆದ ರೂಪ ಎಂದು ಕರೆದರು.

ಈ ಕಳಚುವಿಕೆಗೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. 12 ಡಿಗ್ರಿಯ ತಿರುವು ಕ್ಷಣಮಾತ್ರದಲ್ಲಿ ಆಗಿಬಿಡುವ ಚಲನೆ. ಆದರೆ ಒಂದು ಹೆಲಿಕ್ಸ್ ತನ್ನ ನೆಲೆಯಿಂದ ಬಿಡಿಸಿಕೊಂಡು, ಜಲವಿಮುಖ ಶೇಷಗಳ ಒಂದು ಇಡೀ ಜೋಡಣೆ ಕದಡಿ ಮತ್ತೆ ಕೂಡಿಕೊಳ್ಳುವುದು ನಿಧಾನವಾದ ಕ್ರಿಯೆ. ಹೀಗಾಗಿ 2004ರ ಲೇಖಕರು ಮೂರು ರೂಪಗಳನ್ನು ಊಹಿಸಿದರು: ಅತಿ-ತೆರೆದದ್ದು, ತೆರೆದದ್ದು, ಮುಚ್ಚಿದ್ದು. ತೆರೆದ ಮತ್ತು ಮುಚ್ಚಿದ ರೂಪಗಳ ನಡುವಿನ ಓಡಾಟ ಶೀಘ್ರ, ಕಿಣ್ವದ ನಿಜವಾದ ಕೆಲಸ ನಡೆಯುವುದು ಅಲ್ಲಿಯೇ. ಅತಿ-ತೆರೆದ ರೂಪದಿಂದ ಈ ಚಕ್ರದೊಳಗೆ ಬರುವ ದಾರಿ ಮಾತ್ರ ನಿಧಾನ.

ಇನ್ನು ನಿಯಂತ್ರಣ ತಾಣದ ಮಾತು. ಉತ್ತೇಜಕ ಅಣು ಕೂತಿರುವುದು ಗ್ಲೂಕೋಸಿನಿಂದ ಸುಮಾರು 20 ಆಂಗ್‌ಸ್ಟ್ರಾಮ್ ದೂರದಲ್ಲಿ, ಎರಡು ಡೊಮೇನ್‌ಗಳು ಸಂಧಿಸುವ ಎಡೆಯ ಹಿಂಬದಿಯಲ್ಲಿ. ಆ ಪೊಟರೆಯ ಗೋಡೆಗಳು 62ನೇ ವ್ಯಾಲೀನ್, 63ನೇ ಆರ್ಜಿನೀನ್, 210ನೇ ಮೆಥಿಯೊನೀನ್, 214 ಮತ್ತು 215ನೇ ಟೈರೊಸೀನ್‌ಗಳು ಹಾಗೂ ಆಲ್ಫಾ-13ರ 452 ಮತ್ತು 455ನೇ ವ್ಯಾಲೀನ್‌ಗಳು. ಅತಿ-ತೆರೆದ ರೂಪದಲ್ಲಿ ಈ ಪೊಟರೆ ಇಲ್ಲವೇ ಇಲ್ಲ, ಏಕೆಂದರೆ ಅದರ ಒಂದು ಗೋಡೆಯಾದ ಹೆಲಿಕ್ಸ್ ಆಗ ಬೇರೆಲ್ಲೋ ಇರುತ್ತದೆ. ಉತ್ತೇಜಕ ಬಂದು ಕೂತರೆ ಆ ಹೆಲಿಕ್ಸ್ ಕಳಚಿಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ, ಕಿಣ್ವ ಅತಿ-ತೆರೆದ ರೂಪಕ್ಕೆ ಜಾರುವುದು ತಪ್ಪುತ್ತದೆ. ಸಕ್ರಿಯ ತಾಣದ ಆಕಾರವನ್ನು ಉತ್ತೇಜಕವು ಹೊಸದಾಗಿ ಬದಲಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಗ್ಲೂಕೋಸ್ ಮಾತ್ರ ಕೂತಿರುವ ರಚನೆಗಳು ಮುಂದೆ ಸಿಕ್ಕಾಗ, ಉತ್ತೇಜಕ ಇದ್ದರೂ ಇಲ್ಲದಿದ್ದರೂ ಮುಚ್ಚಿದ ರೂಪ ಒಂದೇ ಎಂದು ತಿಳಿದುಬಂತು.

ವೇಗಮಾಪಕ

ಸ್ಫಟಿಕದರ್ಶಿ ಅವರು ಹೇಳಿದ್ದನ್ನು ಪೂರ್ಣವಾಗಿ ಒಪ್ಪಿಕೊಂಡೇ ಒಂದು ಮಾತು ಸೇರಿಸುತ್ತೇನೆ: ಎರಡು ಆಕಾರಗಳಿವೆ ಎಂಬುದಷ್ಟರಿಂದಲೇ ಎಸ್ ಆಕಾರದ ರೇಖೆ ಹುಟ್ಟುವುದಿಲ್ಲ. ಇದನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ಅನೇಕ ಬರಹಗಳು ಇಲ್ಲಿ ಅವಸರದಿಂದ ಮುಂದೆ ಹೋಗುತ್ತವೆ.

ಒಂದೇ ತಾಣವಿರುವ ಪ್ರೋಟೀನು ಎರಡಲ್ಲ, ಇಪ್ಪತ್ತು ಆಕಾರಗಳ ನಡುವೆ ಓಡಾಡುತ್ತಿದ್ದರೂ, ಆ ಓಡಾಟವೂ ಗ್ಲೂಕೋಸಿನ ಬಂಧವೂ ಸಮತೋಲನದಲ್ಲಿದ್ದರೆ, ಗ್ಲೂಕೋಸ್ ತುಂಬಿದ ಅಣುಗಳ ಪ್ರಮಾಣವನ್ನು ಹೇಳುವ ಸಮೀಕರಣದಲ್ಲಿ ಗ್ಲೂಕೋಸಿನ ಸಾಂದ್ರತೆ ಮೊದಲನೆಯ ಘಾತದಲ್ಲಿ ಮಾತ್ರ ಬರುತ್ತದೆ. ಆಗ ದೊರೆಯುವುದು ಅತಿಪರವಲಯವೇ ಹೊರತು ಬೇರೆ ಸಾಧ್ಯವಿಲ್ಲ. ಗ್ಲೂಕೋಕೈನೇಸ್‌ಗೆ ಗ್ಲೂಕೋಸ್ ಅಂಟುವುದನ್ನಷ್ಟೇ, ಎಟಿಪಿ ಇಲ್ಲದೆ, ಸಮತೋಲನದಲ್ಲಿ ಅಳೆದರೆ ಹಾಗೆಯೇ ಕಾಣುತ್ತದೆ. ಆದ್ದರಿಂದ ಈ ಕಿಣ್ವದ ಸಹಕಾರಿ ವರ್ತನೆ (ಎಸ್ ಆಕಾರಕ್ಕೆ ಕಾರಣವಾದ ಗುಣ) ಬಂಧದಲ್ಲಿ ಇಲ್ಲ, ಅದು ಕೆಲಸ ನಡೆಯುತ್ತಿರುವಾಗ ಮಾತ್ರ ಇರುವ ಗುಣ. ಅದರ ನೆಲೆ ತಾಣಗಳ ನಡುವೆ ಅಲ್ಲ, ಕಾಲದಲ್ಲಿ.

ಗ್ಲೂಕೋಕೈನೇಸ್‌ನ ಒಂದು ಅಣು ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 60 ಗ್ಲೂಕೋಸ್ ಅಣುಗಳನ್ನು ಫಾಸ್ಫೇಟೀಕರಿಸುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 17 ಮಿಲಿಸೆಕೆಂಡು. ಉತ್ಪನ್ನ ಹೊರಬಿದ್ದ ಕ್ಷಣದಲ್ಲಿ ಕಿಣ್ವವು ಇನ್ನೂ ಕೆಲಸಕ್ಕೆ ಅನುಕೂಲವಾದ ಆಕಾರದಲ್ಲೇ ಇರುತ್ತದೆ. ಈಗ ಎರಡು ಸಾಧ್ಯತೆಗಳು. ಸುತ್ತ ಗ್ಲೂಕೋಸ್ ಸಾಕಷ್ಟಿದ್ದರೆ ಮುಂದಿನ ಅಣು ಕೂಡಲೇ ಬಂದು ಕೂರುತ್ತದೆ, ಶೀಘ್ರ ಚಕ್ರ ಮುಂದುವರಿಯುತ್ತದೆ. ಗ್ಲೂಕೋಸ್ ವಿರಳವಾಗಿದ್ದರೆ ಕಾಯುವ ಅವಧಿ ದೀರ್ಘವಾಗುತ್ತದೆ, ಆ ಅವಧಿಯಲ್ಲಿ ಚಿಕ್ಕ ಡೊಮೇನ್ ಸಡಿಲಗೊಂಡು ಕಿಣ್ವ ಅತಿ-ತೆರೆದ ಸ್ಥಿತಿಗೆ ಮರಳುತ್ತದೆ, ಮುಂದಿನ ಗ್ಲೂಕೋಸ್ ಮತ್ತೆ ಆ ನಿಧಾನದ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಹೋಟೆಲಿನ ದೋಸೆ ಕಾವಲಿಯನ್ನು ನೆನೆಯಿರಿ: ಗಿರಾಕಿಗಳು ಒಬ್ಬರ ಹಿಂದೊಬ್ಬರು ಬರುತ್ತಿದ್ದರೆ ಕಾವಲಿಯ ಕಾವು ಇಳಿಯುವುದೇ ಇಲ್ಲ, ದೋಸೆಗಳು ಬೇಗ ಬೇಗ ಏಳುತ್ತವೆ, ಗಿರಾಕಿ ಅಪರೂಪವಾದರೆ ಪ್ರತಿ ಸಲವೂ ಕಾವಲಿ ಮತ್ತೆ ಕಾಯುವುದಕ್ಕೆ ಕಾಯಬೇಕು. ವ್ಯತ್ಯಾಸವೆಂದರೆ ಇಲ್ಲಿ ಕಾವು ಕೊಡುವುದೂ ಗ್ಲೂಕೋಸೇ.

ಗ್ಲೂಕೋಸಿನ ಸಾಂದ್ರತೆ ಹೆಚ್ಚಿದಂತೆ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ಗ್ಲೂಕೋಸ್ ಹೆಚ್ಚು ಬಾರಿ ಬಂದು ಸೇರುತ್ತದೆ, ಮತ್ತು ಸೇರಿದಾಗ ಕಿಣ್ವ ಸಿದ್ಧ ಸ್ಥಿತಿಯಲ್ಲಿರುವ ಸಂಭವವೂ ಹೆಚ್ಚುತ್ತದೆ. ವೇಗದ ಸಮೀಕರಣಕ್ಕೆ ಗ್ಲೂಕೋಸಿನ ವರ್ಗಪದ ಬರುವುದು ಹೀಗೆ. ಎರಡು ಬೇರೆ ದಾರಿಗಳಿಂದ ಒಂದೇ ಸಂಕೀರ್ಣವನ್ನು ತಲುಪುವ, ಸಮತೋಲನಕ್ಕೆ ಹೋಗದ ವ್ಯವಸ್ಥೆಗಳಲ್ಲಿ ಇದು ಸಾಧ್ಯವೆಂದು 1970ರ ದಶಕದಲ್ಲೇ ತೋರಿಸಲಾಗಿತ್ತು. ನೆನಪುಳ್ಳ ಕಿಣ್ವದ ಮಾದರಿಯನ್ನು ಫ್ರಾನ್ಸಿನ ರಿಕಾರ್ ಮತ್ತು ಸಂಗಡಿಗರು 1974ರಲ್ಲಿ ಮಂಡಿಸಿದರು, ಸ್ಟೋರರ್ ಮತ್ತು ಕಾರ್ನಿಷ್-ಬೌಡನ್ ಅದನ್ನು 1977ರಲ್ಲಿ ಗ್ಲೂಕೋಕೈನೇಸ್‌ಗೆ ಅನ್ವಯಿಸಿದರು. ಲಿಗಾಂಡ್ ಪ್ರೇರಿತ ನಿಧಾನ ಪರಿವರ್ತನೆ ಎಂಬ ಇನ್ನೊಂದು ಮಾದರಿಯನ್ನು ನೀಟ್ ಮತ್ತು ಐನ್ಸ್‌ಲೀ ಬೆಳೆಸಿದರು. ಸ್ಫಟಿಕದಲ್ಲಿ ಆ ಎರಡು ರೂಪಗಳು ಕಣ್ಣಿಗೆ ಬೀಳುವುದಕ್ಕೆ ಕಾಲು ಶತಮಾನಕ್ಕೂ ಮೊದಲೇ, ಬರೀ ವೇಗಗಳನ್ನು ಅಳೆದು, ಇಂಥ ಎರಡು ರೂಪಗಳು ಇರಲೇಬೇಕೆಂದು ಇವರು ತರ್ಕಿಸಿದ್ದರು. ಈ ಕಿಣ್ವದ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ಭಾಗ ಇದು.

ಕಿಣ್ವಾಸಕ್ತೆ

ಇಬ್ಬರಿಗೂ ಕೃತಜ್ಞತೆಗಳು. ಸಹಕಾರಿ ವರ್ತನೆ ಬಂಧದಲ್ಲಿಲ್ಲ, ಚಲನೆಯ ವೇಗಗಳಲ್ಲಿದೆ ಎಂಬ ಮಾತು ನನ್ನ ಗೊಂದಲದ ಬುಡಕ್ಕೇ ತಾಗಿತು. ಎರಡು ವಿಷಯಗಳನ್ನು ಇನ್ನೂ ಕೇಳಬೇಕೆನಿಸುತ್ತದೆ.

ಮೊದಲನೆಯದು, ಈ ವಿವರಣೆ ಸರಿಯಿದ್ದರೆ, ರಾಸಾಯನಿಕ ಹಂತವನ್ನು ಬೇಕೆಂದೇ ನಿಧಾನಗೊಳಿಸಿದಾಗ ಎಸ್ ಆಕಾರ ಮಾಯವಾಗಬೇಕಲ್ಲವೇ? ಅಂಥ ಪರೀಕ್ಷೆ ನಡೆದಿದೆಯೇ? ಎರಡನೆಯದು, ಅತಿ-ತೆರೆದ ರೂಪವನ್ನು ಕಂಡದ್ದು ಸ್ಫಟಿಕದೊಳಗೆ. ದ್ರಾವಣದಲ್ಲಿಯೂ ಕಿಣ್ವ ಅದೇ ಭಂಗಿಯಲ್ಲಿರುತ್ತದೆ ಎಂದು ಹೇಗೆ ನಂಬುವುದು? ಸ್ಫಟಿಕದಲ್ಲಿ ಅಣುಗಳು ಒತ್ತಾಗಿ ಜೋಡಿಸಿಕೊಳ್ಳುವಾಗ ಇಷ್ಟು ಸಡಿಲವಾದ ಪ್ರೋಟೀನ್ ಯಾವುದೋ ಒಂದು ಭಂಗಿಗೆ ಸಿಕ್ಕಿಹಾಕಿಕೊಂಡಿರಬಹುದಲ್ಲವೇ?

ವೇಗಮಾಪಕ

ಮೊದಲ ಪ್ರಶ್ನೆಗೆ ಉತ್ತರ: ನಡೆದಿದೆ, ಮತ್ತು ಫಲಿತಾಂಶ ನೀವು ಊಹಿಸಿದಂತೆಯೇ ಇದೆ. ಗ್ಲೂಕೋಕೈನೇಸ್‌ಗೆ ಮೊದಲು ಗ್ಲೂಕೋಸ್ ಸೇರುತ್ತದೆ, ನಂತರ ಮೆಗ್ನೀಸಿಯಂ ಜೊತೆಗೂಡಿದ ಎಟಿಪಿ. ಎಟಿಪಿಯನ್ನು ಬಹಳ ಕಡಿಮೆ ಮಾಡಿದರೆ, ಗ್ಲೂಕೋಸ್ ಹೊತ್ತ ಕಿಣ್ವವು ಎಟಿಪಿಗಾಗಿ ದೀರ್ಘಕಾಲ ಕಾಯಬೇಕಾಗುತ್ತದೆ. ಆ ಬಿಡುವಿನಲ್ಲಿ ಗ್ಲೂಕೋಸಿನ ಬಂಧವೂ ಆಕಾರಗಳ ಅದಲುಬದಲೂ ಸಮತೋಲನವನ್ನು ತಲುಪಿಬಿಡುತ್ತವೆ, ಹಿಂದಿನ ಸುತ್ತಿನ ನೆನಪು ಅಳಿಸಿಹೋಗುತ್ತದೆ. ಆಗ ಹಿಲ್ ಗುಣಾಂಕ 1ಕ್ಕೆ ಇಳಿಯುತ್ತದೆ, ರೇಖೆ ಅತಿಪರವಲಯವಾಗುತ್ತದೆ. ಎಟಿಪಿಯನ್ನು ಹೆಚ್ಚಿಸಿದಂತೆ ಎಸ್ ಆಕಾರ ಮರಳಿ ಬರುತ್ತದೆ. ಉಪಘಟಕಗಳ ನಡುವಿನ ಸಂವಾದದಿಂದ ಹುಟ್ಟುವ ಸಹಕಾರವನ್ನು ಹೀಗೆ ಅಳಿಸಲು ಬರುವುದಿಲ್ಲ. ಮೊದಲ ಪರಿಚಯದಲ್ಲಿ ಪಠ್ಯಗಳು ಈ ಒಂದು ಪ್ರಯೋಗವನ್ನು ಹೇಳಿದರೆ ಸಾಕು, ಇಡೀ ವಿಚಾರ ತಾನಾಗಿ ಅರ್ಥವಾಗುತ್ತದೆ ಎಂದು ನನಗೆ ಅನಿಸುತ್ತದೆ.

ಎರಡನೆಯ ಪ್ರಶ್ನೆ ಇನ್ನೂ ಆಳವಾದದ್ದು, ಅದರಲ್ಲಿ ನಾನು ಸ್ಫಟಿಕದರ್ಶಿ ಅವರಿಗಿಂತ ಸ್ವಲ್ಪ ಬೇರೆಯಾಗಿ ಯೋಚಿಸುತ್ತೇನೆ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಗುಂಪೊಂದು 2012ರಲ್ಲಿ ಮಾನವ ಗ್ಲೂಕೋಕೈನೇಸ್‌ನ ಐಸೊಲ್ಯೂಸೀನ್ ಶೇಷಗಳ ಮೀಥೈಲ್ ಗುಂಪುಗಳನ್ನು ಗುರುತುಹಾಕಿ, ದ್ರಾವಣದಲ್ಲಿಯೇ ಎನ್ಎಂಆರ್ (ಪರಮಾಣು ಕಾಂತೀಯ ಅನುರಣನ) ವಿಧಾನದಿಂದ ನೋಡಿತು. ಗ್ಲೂಕೋಸ್ ಇಲ್ಲದಿರುವಾಗ ದೊಡ್ಡ ಡೊಮೇನ್ ಸುವ್ಯವಸ್ಥಿತವಾಗಿಯೇ ಇತ್ತು, ಆದರೆ ಚಿಕ್ಕ ಡೊಮೇನ್ ಒಂದು ನಿಶ್ಚಿತ ಭಂಗಿಯಲ್ಲಿರಲಿಲ್ಲ, ಮಿಲಿಸೆಕೆಂಡುಗಳ ಮಟ್ಟದಲ್ಲಿ ಹಲವು ಭಂಗಿಗಳ ನಡುವೆ ಅಲೆಯುತ್ತಿತ್ತು. ಗ್ಲೂಕೋಸ್ ಸೇರಿದಾಗ ಅದು ಒಂದು ರೂಪಕ್ಕೆ ಬಂದು ನಿಂತಿತು. ಆದ್ದರಿಂದ ಅತಿ-ತೆರೆದ ರೂಪವೆಂಬುದನ್ನು ಒಂದೇ ಗಟ್ಟಿಯಾದ ಸ್ಥಿತಿ ಎಂದು ತಿಳಿಯುವ ಬದಲು, ಅವ್ಯವಸ್ಥಿತವಾದ ಒಂದು ಸಮೂಹದ ಒಬ್ಬ ಸದಸ್ಯ ಎಂದು ತಿಳಿಯುವುದು ಉಚಿತ. ಆ ಗುಂಪಿನ ವಿವರಣೆಯಲ್ಲಿ ಸಹಕಾರಿ ವರ್ತನೆಯ ಮೂಲವೇ ಈ ವ್ಯವಸ್ಥೆ ಮತ್ತು ಅವ್ಯವಸ್ಥೆಗಳ ನಡುವಿನ ಹೊರಳಾಟ: ಗ್ಲೂಕೋಸ್ ಕಡಿಮೆಯಿದ್ದಾಗ ಕಿಣ್ವ ಆ ಅವ್ಯವಸ್ಥೆಯ ಮೂಲಕ ಹಾದುಬರಬೇಕಾಗುತ್ತದೆ, ಅದು ಪ್ರತಿ ಸುತ್ತಿಗೂ ಒಂದು ವಿಳಂಬವನ್ನು ಸೇರಿಸುತ್ತದೆ; ಗ್ಲೂಕೋಸ್ ಹೆಚ್ಚಿದ್ದಾಗ ಆ ಬಳಸುದಾರಿ ತಪ್ಪುತ್ತದೆ.

ಸ್ಫಟಿಕದರ್ಶಿ

ವೇಗಮಾಪಕ ಅವರ ತಿದ್ದುಪಡಿಯ ತಿರುಳನ್ನು ಸ್ವಾಗತಿಸುತ್ತೇನೆ. ಆದರೆ ಅತಿ-ತೆರೆದ ಭಂಗಿಯನ್ನು ಸಮೂಹದ ಯಾವುದೋ ಒಬ್ಬ ಸದಸ್ಯನೆಂದು ಬಿಟ್ಟುಬಿಡಲು ನಾನು ಸಿದ್ಧನಿಲ್ಲ, ಏಕೆಂದರೆ ಜೀವಕೋಶವೇ ಆ ಭಂಗಿಯನ್ನು ಗುರುತಿಸಿ ಹಿಡಿಯುತ್ತದೆ.

ಯಕೃತ್ತಿನಲ್ಲಿ ಗ್ಲೂಕೋಕೈನೇಸ್‌ಗೆ ಒಂದು ನಿಯಂತ್ರಕ ಪ್ರೋಟೀನ್ ಇದೆ. ಬೆಲ್ಜಿಯಂನ ವಾನ್ ಸ್ಕಾಫ್ಟಿಂಗನ್ 1989ರಲ್ಲಿ ಅದನ್ನು ವಿವರಿಸಿದರು. ಉಪವಾಸದ ಹೊತ್ತಿನಲ್ಲಿ ಅದು ಗ್ಲೂಕೋಕೈನೇಸನ್ನು ಹಿಡಿದು ಕೋಶಕೇಂದ್ರದೊಳಗೆ ಇರಿಸಿಕೊಳ್ಳುತ್ತದೆ. ಊಟವಾಗಿ ಗ್ಲೂಕೋಸ್ ಏರಿದಾಗ ಕಿಣ್ವ ಬಿಡುಗಡೆಯಾಗಿ ಕೋಶರಸಕ್ಕೆ ಬರುತ್ತದೆ. ಫ್ರಕ್ಟೋಸ್-6-ಫಾಸ್ಫೇಟ್ ಈ ಹಿಡಿತವನ್ನು ಬಿಗಿಗೊಳಿಸುತ್ತದೆ, ಫ್ರಕ್ಟೋಸ್-1-ಫಾಸ್ಫೇಟ್ ಸಡಿಲಿಸುತ್ತದೆ. ಹಣ್ಣಿನಲ್ಲಿರುವ ಫ್ರಕ್ಟೋಸ್ ಸ್ವಲ್ಪ ಪ್ರಮಾಣದಲ್ಲಿ ಬಂದರೂ ಯಕೃತ್ತು ಗ್ಲೂಕೋಸನ್ನು ಹೆಚ್ಚು ಹೀರುವುದಕ್ಕೆ ಇದೇ ಕಾರಣ.

ಈ ಪ್ರೋಟೀನ್ ಗ್ಲೂಕೋಸಿನೊಡನೆ ಸ್ಪರ್ಧಿಸುತ್ತದೆ ಎಂದು ವೇಗದ ಅಳತೆಗಳು ಮೊದಲೇ ಹೇಳಿದ್ದವು, ಆದರೆ ಸಕ್ರಿಯ ತಾಣದೊಳಗೆ ಅಷ್ಟು ದೊಡ್ಡ ಪ್ರೋಟೀನ್ ತೂರುವುದು ಹೇಗೆ ಎಂಬುದು ಅರ್ಥವಾಗಿರಲಿಲ್ಲ. 2013ರಲ್ಲಿ ಎರಡೂ ಪ್ರೋಟೀನ್‌ಗಳ ಸಂಕೀರ್ಣದ ಸ್ಫಟಿಕ ರಚನೆ ಬಂದಾಗ ಉತ್ತರ ಸಿಕ್ಕಿತು. ನಿಯಂತ್ರಕ ಪ್ರೋಟೀನ್ ಗ್ಲೂಕೋಸಿನ ಜಾಗಕ್ಕೆ ಹೋಗುವುದೇ ಇಲ್ಲ. ಅದು ಗ್ಲೂಕೋಕೈನೇಸ್‌ನ ಅತಿ-ತೆರೆದ ಭಂಗಿಗೆ ಹತ್ತಿರವಾದ ರೂಪವನ್ನು ಹಿಡಿದು ನಿಲ್ಲಿಸುತ್ತದೆ. ಗ್ಲೂಕೋಸ್ ಮುಚ್ಚಿದ ರೂಪವನ್ನು ಬಯಸುತ್ತದೆ, ಈ ಪ್ರೋಟೀನ್ ತೆರೆದದ್ದನ್ನು ಬಯಸುತ್ತದೆ, ಇಬ್ಬರೂ ಒಂದೇ ಕಿಣ್ವವನ್ನು ಎರಡು ದಿಕ್ಕಿಗೆ ಸೆಳೆಯುವುದರಿಂದ ಹೊರಗಿನಿಂದ ಅದು ಸ್ಪರ್ಧೆಯಂತೆ ಕಾಣುತ್ತದೆ. 2004ರ ಅತಿ-ತೆರೆದ ರಚನೆ ಸ್ಫಟಿಕದ ಕೃತಕ ಸೃಷ್ಟಿಯಲ್ಲ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಆಲ್ಫಾ-13ರ ಪಾತ್ರದ ಬಗ್ಗೆಯೂ ನೇರವಾದ ಪ್ರಯೋಗವಿದೆ. ಆ ಹೆಲಿಕ್ಸನ್ನು ಕತ್ತರಿಸಿ ತೆಗೆದ ಗ್ಲೂಕೋಕೈನೇಸ್‌ನಲ್ಲಿ ಸಹಕಾರಿ ವರ್ತನೆ ಇಲ್ಲವಾಗುತ್ತದೆ, ಕಿಣ್ವದ ವೇಗವೂ ಬಹಳ ಕುಗ್ಗುತ್ತದೆ ಎಂದು 2009ರಲ್ಲಿ ವರದಿಯಾಯಿತು.

ನಿರ್ನಾಳವೈದ್ಯ

ಮಧುಮೇಹದ ಚಿಕಿತ್ಸೆಯಲ್ಲಿ ತೊಡಗಿರುವವನಾಗಿ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಈ ರಚನೆಗಳು ಯಾವ ರೋಗಿಗಳಲ್ಲಿ ಹೇಗೆ ತೋರಿಕೊಳ್ಳುತ್ತವೆ ಎಂಬುದನ್ನು ಸೇರಿಸುತ್ತೇನೆ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ರಕ್ತದ ಗ್ಲೂಕೋಸನ್ನು ಅಳೆಯುವುದು ಗ್ಲೂಕೋಕೈನೇಸ್ ಮೂಲಕವೇ. ಗ್ಲೂಕೋಸ್ 5 ಮಿಲಿಮೋಲಾರ್, ಅಂದರೆ ಡೆಸಿಲೀಟರಿಗೆ ಸುಮಾರು 90 ಮಿಲಿಗ್ರಾಂ ದಾಟಿದಾಗ ಇನ್ಸುಲಿನ್ ಸ್ರವಿಸತೊಡಗುವುದಕ್ಕೆ ಈ ಕಿಣ್ವದ ಗುಣವೇ ಕಾರಣ. ಉಳಿದ ಹೆಕ್ಸೋಕೈನೇಸ್‌ಗಳು ಈ ಕೆಲಸಕ್ಕೆ ಒದಗುವುದಿಲ್ಲ: ಅವು ಗ್ಲೂಕೋಸ್ ಅತ್ಯಲ್ಪವಿದ್ದಾಗಲೇ ತುಂಬಿಹೋಗುತ್ತವೆ, ಅಲ್ಲದೆ ಒಂದರಿಂದ ಮೂರರವರೆಗಿನ ಹೆಕ್ಸೋಕೈನೇಸ್‌ಗಳನ್ನು ಅವುಗಳದೇ ಉತ್ಪನ್ನವಾದ ಗ್ಲೂಕೋಸ್-6-ಫಾಸ್ಫೇಟ್ ತಡೆಯುತ್ತದೆ. ಗ್ಲೂಕೋಕೈನೇಸ್‌ಗೆ ದೇಹದ ಸಾಮಾನ್ಯ ಪರಿಸ್ಥಿತಿಯಲ್ಲಿ ಆ ತಡೆ ಇಲ್ಲ. ಎಸ್ ಆಕಾರದ ರೇಖೆ ಅತ್ಯಂತ ಕಡಿದಾಗಿ ಏರುವ ಭಾಗ ದೇಹದ ಗ್ಲೂಕೋಸಿನ ಸಹಜ ಮಿತಿಯ ಆಸುಪಾಸಿನಲ್ಲೇ ಬೀಳುವುದರಿಂದ, ಗ್ಲೂಕೋಸಿನ ಚಿಕ್ಕ ಏರಿಳಿತವೂ ಇನ್ಸುಲಿನ್ ಸ್ರಾವದಲ್ಲಿ ಕಾಣುತ್ತದೆ.

ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಅಳತೆಯ ಗುರುತು ಮೇಲಕ್ಕೆ ಸರಿಯುತ್ತದೆ. ಹುಟ್ಟಿನಿಂದಲೇ ಉಪವಾಸದ ಗ್ಲೂಕೋಸ್ 99ರಿಂದ 144 ಮಿಲಿಗ್ರಾಂ ನಡುವೆ ಇರುತ್ತದೆ. ಇದು ಮೋಡಿ 2 ಎಂಬ ಆನುವಂಶಿಕ ಮಧುಮೇಹ, 1992ರಲ್ಲಿ ಗ್ಲೂಕೋಕೈನೇಸ್ ಜೀನಿಗೆ ಅದರ ಸಂಬಂಧ ಸ್ಥಾಪಿತವಾಯಿತು. ಅನೇಕರಿಗೆ ಔಷಧವೇ ಬೇಕಾಗುವುದಿಲ್ಲ, ಇದನ್ನು ಸಾಮಾನ್ಯ ಮಧುಮೇಹವೆಂದು ತಿಳಿದು ವರ್ಷಗಟ್ಟಲೆ ಮಾತ್ರೆ ಕೊಡುವುದು ನಡೆಯಬಾರದು. ಎರಡೂ ಪ್ರತಿಗಳು ಕೆಟ್ಟರೆ ಮಾತ್ರ ನವಜಾತ ಶಿಶುವಿಗೇ ಇನ್ಸುಲಿನ್ ಬೇಕಾಗುವ ಶಾಶ್ವತ ಮಧುಮೇಹ ಬರುತ್ತದೆ.

ಇದರ ವಿರುದ್ಧ ದಿಕ್ಕಿನ ಉತ್ಪರಿವರ್ತನೆಗಳು ಇನ್ನೂ ಅಚ್ಚರಿಯವು. 1998ರಲ್ಲಿ ಒಂದು ಕುಟುಂಬದಲ್ಲಿ 455ನೇ ವ್ಯಾಲೀನ್ ಇರಬೇಕಾದಲ್ಲಿ ಮೆಥಿಯೊನೀನ್ ಬಂದು, ಗ್ಲೂಕೋಸ್ ಕಡಿಮೆಯಿದ್ದಾಗಲೂ ಇನ್ಸುಲಿನ್ ಸ್ರವಿಸುವ ಸ್ಥಿತಿ ಕಂಡುಬಂತು. ಮುಂದೆ 65ನೇ ಥ್ರಿಯೊನೀನ್, 99ನೇ ಟ್ರಿಪ್ಟೊಫಾನ್, 214ನೇ ಟೈರೊಸೀನ್, 456ನೇ ಅಲನೀನ್ ಬದಲಾದ ರೋಗಿಗಳೂ ಸಿಕ್ಕರು. ಸ್ಫಟಿಕದರ್ಶಿ ಅವರು ಮೇಲೆ ಕೊಟ್ಟ ಪೊಟರೆಯ ಪಟ್ಟಿಯ ಜೊತೆ ಈ ಸಂಖ್ಯೆಗಳನ್ನು ಹೋಲಿಸಿ ನೋಡಿ: ಎಲ್ಲವೂ ಆ ಪೊಟರೆಯ ಗೋಡೆಯಲ್ಲಿ ಅಥವಾ ಅದರ ಮಗ್ಗುಲಲ್ಲಿವೆ. ಔಷಧದ ಅಣು ಎಲ್ಲಿ ಕೂರುತ್ತದೆ ಎಂದು ಯಾರಿಗೂ ತಿಳಿಯುವ ಮೊದಲೇ ಹಲವು ಕುಟುಂಬಗಳ ರಕ್ತದಲ್ಲಿ ಆ ಜಾಗ ಗುರುತಾಗಿತ್ತು.

ಸಂಶ್ಲೇಷಿತ ಉತ್ತೇಜಕಗಳನ್ನು ರೋಶ್ ಕಂಪನಿಯ ವಿಜ್ಞಾನಿಗಳು 2003ರಲ್ಲಿ ಮೊದಲು ಪ್ರಕಟಿಸಿದರು. ಅವು ಅರ್ಧ ವೇಗಕ್ಕೆ ಬೇಕಾದ ಗ್ಲೂಕೋಸನ್ನು ತಗ್ಗಿಸಿ, ಗರಿಷ್ಠ ವೇಗವನ್ನೂ ಏರಿಸುತ್ತಿದ್ದವು. ಮಧುಮೇಹಕ್ಕೆ ಇದು ನೇರ ಪರಿಹಾರವೆಂಬ ನಿರೀಕ್ಷೆ ಹುಟ್ಟಿತು. ಆದರೆ ಮರ್ಕ್ ಕಂಪನಿಯ ಎಂಕೆ-0941 ಎಂಬ ಅಣುವಿನ ಪ್ರಯೋಗದಲ್ಲಿ, 2011ರ ವರದಿಯಂತೆ, ಕೆಲವೇ ತಿಂಗಳಲ್ಲಿ ಪರಿಣಾಮ ಕುಂದಿತು, ಟ್ರೈಗ್ಲಿಸರೈಡ್ ಏರಿತು, ಗ್ಲೂಕೋಸ್ ಅತಿಯಾಗಿ ಇಳಿಯುವ ತೊಂದರೆಯೂ ಕಂಡಿತು. ಈ ಚರ್ಚೆಯ ಬೆಳಕಿನಲ್ಲಿ ನೋಡಿದರೆ ಕೊನೆಯದು ಅರ್ಥವಾಗುವಂಥದ್ದು: ಕಿಣ್ವವನ್ನು ಸದಾ ಮುಚ್ಚಿದ ರೂಪದ ಕಡೆಗೆ ಒತ್ತಿ ಹಿಡಿದರೆ, ಗ್ಲೂಕೋಸ್ ಕಡಿಮೆಯಾದಾಗ ಸಡಿಲಗೊಂಡು ವಿಶ್ರಮಿಸುವ ಅದರ ಶಕ್ತಿಯನ್ನೇ ಕಿತ್ತುಕೊಂಡಂತೆ. ಹೀಗಿದ್ದೂ ದಾರಿ ಮುಚ್ಚಲಿಲ್ಲ. ಡೋರ್ಜಾಗ್ಲಿಯಾಟಿನ್ ಎಂಬ ಉತ್ತೇಜಕಕ್ಕೆ 2022ರಲ್ಲಿ ಚೀನಾದಲ್ಲಿ ಎರಡನೆಯ ವಿಧದ ಮಧುಮೇಹಕ್ಕೆ ಅನುಮತಿ ದೊರೆಯಿತು.

ಕಿಣ್ವಾಸಕ್ತೆ

ವೈದ್ಯರ ಉತ್ತರದಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಎಲ್ಲ ಉತ್ತೇಜಕ ಉತ್ಪರಿವರ್ತನೆಗಳೂ ಒಂದೇ ರೀತಿಯಲ್ಲಿ, ಅಂದರೆ ಚಿಕ್ಕ ಡೊಮೇನನ್ನು ಮುಚ್ಚಿದ ರೂಪದ ಕಡೆಗೆ ಒತ್ತಿಯೇ ಕೆಲಸ ಮಾಡುತ್ತವೆಯೇ? ಹಾಗೂ ಆ ಪೊಟರೆಯಲ್ಲಿ ಕೂರುವ ಸಹಜ ಅಣುವೊಂದು ದೇಹದಲ್ಲಿ ಇದೆಯೇ?

ವೇಗಮಾಪಕ

ಒಂದೇ ರೀತಿಯಲ್ಲಿ ಅಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಬಗೆಗಳನ್ನು ಬೇರ್ಪಡಿಸಿತು. ಆಲ್ಫಾ-13 ಹೆಲಿಕ್ಸ್‌ನ ಬದಲಾವಣೆಗಳು ಚಿಕ್ಕ ಡೊಮೇನ್‌ನ ಸಮೂಹವನ್ನೇ ವ್ಯವಸ್ಥಿತ ರೂಪದ ಕಡೆಗೆ ವಾಲಿಸುತ್ತವೆ. ಹೀಗಾಗಿ ಗ್ಲೂಕೋಸಿನ ಮೇಲಿನ ಆಕರ್ಷಣೆ ಹೆಚ್ಚುತ್ತದೆ. ರೋಗಿಗಳಲ್ಲಿ ಕಂಡ ಉತ್ಪರಿವರ್ತನೆಗಳು ಹೆಚ್ಚಾಗಿ ಈ ಬಗೆಯವು. ಇನ್ನೊಂದು ಬಗೆಯಲ್ಲಿ ಬದಲಾವಣೆ ಇರುವುದು 150ರಿಂದ 180ರ ನಡುವಿನ ಕೊಂಡಿಯಲ್ಲಿ. ಸ್ಫಟಿಕದರ್ಶಿ ಅವರು ಅತಿ-ತೆರೆದ ರಚನೆಯಲ್ಲಿ ಸ್ಥಿರವಾಗಿಲ್ಲ ಎಂದದ್ದು ಇದನ್ನೇ. ಇಲ್ಲಿ ಗ್ಲೂಕೋಸಿನ ಸಮತೋಲನ ಬಂಧ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುತ್ತದೆ, ಚಿಕ್ಕ ಡೊಮೇನ್ ಒಟ್ಟಾರೆ ಅವ್ಯವಸ್ಥಿತವಾಗಿಯೇ ಇರುತ್ತದೆ, ಆದರೆ ಆ ಕೊಂಡಿಯ ಚಲನೆ ಬದಲಾಗಿ ಸಹಕಾರಿ ವರ್ತನೆ ಮಾಯವಾಗುತ್ತದೆ. ಬಂಧದ ಬಲವನ್ನು ಮುಟ್ಟದೆ, ಚಲನೆಯನ್ನು ಮಾತ್ರ ಬದಲಿಸಿ ಎಸ್ ಆಕಾರವನ್ನು ಅಳಿಸಬಹುದು ಎಂಬುದು ನಾನು ಮೊದಲು ಹೇಳಿದ ಮಾತಿಗೆ ರಚನೆಯ ಕಡೆಯಿಂದ ಬಂದ ಸಮರ್ಥನೆ.

ಸಹಜ ಅಣುವಿನ ಬಗ್ಗೆ: ಆ ಪೊಟರೆಗೆ ದೇಹದೊಳಗಿನ ಸಣ್ಣ ಅಣುವೊಂದು ನಿಯಂತ್ರಕವಾಗಿ ಕೂರುತ್ತದೆ ಎಂದು ಈವರೆಗೆ ದೃಢಪಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಅಂಥ ಅಣು ಇರಲೇಬೇಕೆಂಬ ಒತ್ತಾಯವೂ ಇಲ್ಲ. ಆಲ್ಫಾ-13 ಕೂಡಿ ಕಳಚುವ ಚಲನೆಗೆ ಅಲ್ಲಿ ಸ್ವಲ್ಪ ಸಡಿಲು ಬೇಕು, ಮುಚ್ಚಿದಾಗ ಆ ಸಡಿಲೇ ಪೊಟರೆಯಾಗಿ ಉಳಿಯುತ್ತದೆ, ಔಷಧ ರಸಾಯನಜ್ಞರಿಗೆ ಅದು ಒದಗಿತು ಎಂದು ತಿಳಿಯಲು ಅಡ್ಡಿಯಿಲ್ಲ.

ಸ್ಫಟಿಕದರ್ಶಿ

ಕಿಣ್ವಾಸಕ್ತೆ ಅವರೇ, ಇದೆಲ್ಲವನ್ನೂ ನೀವೇ ಕಣ್ಣಾರೆ ನೋಡಬಹುದು. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಮುಚ್ಚಿದ ರೂಪದ ಸಂಕೇತ 1ವಿ4ಎಸ್, ಅತಿ-ತೆರೆದ ರೂಪದ್ದು 1ವಿ4ಟಿ. ಎರಡನ್ನೂ ಒಂದು ಉಚಿತ ಅಣುದರ್ಶಕ ತಂತ್ರಾಂಶದಲ್ಲಿ ತೆರೆದು, ಇಡೀ ಸರಪಳಿಗಳನ್ನು ಜೋಡಿಸುವ ಬದಲು ದೊಡ್ಡ ಡೊಮೇನ್‌ಗಳನ್ನು ಮಾತ್ರ ಒಂದರ ಮೇಲೊಂದು ಕೂರಿಸಿ. ಇಡೀ ಸರಪಳಿಯನ್ನು ಜೋಡಿಸಿದರೆ ತಂತ್ರಾಂಶ ವ್ಯತ್ಯಾಸವನ್ನು ಎಲ್ಲೆಡೆಗೂ ಹಂಚಿಬಿಡುತ್ತದೆ, ತಿರುಗುವಿಕೆ ಸ್ಪಷ್ಟವಾಗಿ ಕಾಣುವುದಿಲ್ಲ. ಅನಂತರ 445ರಿಂದ ಕೊನೆಯವರೆಗಿನ ಶೇಷಗಳಿಗೆ ಒಂದು ಬಣ್ಣ, 205ನೇ ಆಸ್ಪಾರ್ಟಿಕ್ ಆಮ್ಲಕ್ಕೆ ಇನ್ನೊಂದು ಬಣ್ಣ, 62, 63, 210, 214, 215, 452, 455 ಇವುಗಳಿಗೆ ಮೂರನೆಯ ಬಣ್ಣ ಕೊಡಿ. ಮುಚ್ಚಿದ ರೂಪದಲ್ಲಿ ಮೂರನೆಯ ಬಣ್ಣದವೆಲ್ಲ ಉತ್ತೇಜಕ ಅಣುವನ್ನು ಸುತ್ತುವರಿದಿರುವುದೂ, ಅತಿ-ತೆರೆದ ರೂಪದಲ್ಲಿ ಅವೇ ಶೇಷಗಳು ಚದುರಿಹೋಗಿರುವುದೂ ಕಾಣುತ್ತದೆ. ನೋಡುವಾಗ 1ವಿ4ಟಿಯ ಸ್ಪಷ್ಟತೆ ಕಡಿಮೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅದರಲ್ಲಿ ಡೊಮೇನ್‌ಗಳ ಮತ್ತು ಹೆಲಿಕ್ಸ್‌ಗಳ ಸ್ಥಾನವನ್ನು ನಂಬಬಹುದು, ಒಂದೊಂದು ಪಾರ್ಶ್ವಸರಣಿಯ ಸೂಕ್ಷ್ಮ ದಿಕ್ಕಿನ ಮೇಲೆ ತೀರ್ಮಾನಗಳನ್ನು ಕಟ್ಟಬಾರದು.